ಕಾಸ್ಮಾಸ್ ಹೂವು ಮೇಗರವಳ್ಳಿಗೆ ಬಂದ ದಾರಿ

ನನ್ನ ಕೆಲಸ ಏನೆಂದು ಕೇಳಿದವರಿಗೆಲ್ಲ ನಾನು ಹೇಳುತ್ತಿದ್ದುದು ಒಂದೇ ಮಾತು: ಒದ್ದೆ ಪೇಪರ್ ತೆಗೆದು ಒಣ ಪೇಪರ್ ಹಾಕುವುದು. ಅವರು ನಗುತ್ತಿದ್ದರು. ನಾನು ತಮಾಷೆಗೆ ಹೇಳುತ್ತಿರಲಿಲ್ಲ.

ಸಾಗರದ ಒಂದು ಕಾಲೇಜಿನ ಸಸ್ಯಶಾಸ್ತ್ರ ವಿಭಾಗದಲ್ಲಿ ಹರ್ಬೇರಿಯಂ ಇದೆ. ಅಂದರೆ ಒಣಗಿಸಿದ ಗಿಡಗಳನ್ನು ದಪ್ಪ ಹಾಳೆಗಳ ಮೇಲೆ ಹೊಲಿದು, ಚೀಟಿ ಅಂಟಿಸಿ, ಬೀರುಗಳಲ್ಲಿ ಜೋಡಿಸಿಟ್ಟ ಕೋಣೆ. ಅಲ್ಲಿ ನಾನು ಸಹಾಯಕಿಯಾಗಿದ್ದೆ. ಹುದ್ದೆಯ ಹೆಸರು ಮೂರು ಸಲ ಬದಲಾಯಿತು, ಕುರ್ಚಿ ಬದಲಾಗಲಿಲ್ಲ. ಆ ವಿಷಯ ಅಷ್ಟು ಸಾಕು. ಈಗ ಈ ಕೆಲಸಕ್ಕೆ ಬರುತ್ತಿರುವ ಹುಡುಗಿಯರು ಸೂಕ್ಷ್ಮದರ್ಶಕದ ಮುಂದೆ ಬಿಳಿ ಕೋಟು ತೊಟ್ಟು ಕೂರುವ ಕನಸು ಹೊತ್ತು ಬರುತ್ತಾರೆ. ಅವರಿಗಾಗಿ, ನಿಜವಾಗಿ ಏನಿತ್ತು ಎಂಬುದನ್ನು ಬರೆಯುತ್ತಿದ್ದೇನೆ. ಎಲ್ಲ ಗಿಡಗಳ ಕಥೆ ಹೇಳಲು ಕೂತರೆ ಮುಗಿಯುವುದಿಲ್ಲ. ಒಂದೇ ಗಿಡದ ಕಥೆ ಹೇಳುತ್ತೇನೆ. ಅದರಲ್ಲಿ ನನ್ನ ಕೆಲಸವೆಲ್ಲ ಇದೆ.

ನಾನು ಸೇರಿದಾಗ ವಿಭಾಗದ ಮುಖ್ಯಸ್ಥರಾಗಿದ್ದವರು ಶ್ರೀಪಾದ ಸರ್. ತೆಳ್ಳಗಿನ ಮನುಷ್ಯ. ಕುತ್ತಿಗೆಯಲ್ಲಿ ಕಪ್ಪು ದಾರಕ್ಕೆ ಕಟ್ಟಿದ ಭೂತಗನ್ನಡಿ, ಕಂಕುಳಲ್ಲಿ ಕೊಡೆ. ಯಾರನ್ನೂ ಹೊಗಳಿದವರಲ್ಲ. ಗಿಡ ಕತ್ತರಿಸುವುದು, ಹೂವು ಎಲೆ ಮಡಚಿಕೊಳ್ಳದಂತೆ ಪೇಪರಿನ ನಡುವೆ ಹರಡುವುದು, ಮರದ ಚೌಕಟ್ಟಿನ ಪ್ರೆಸ್‌ನಲ್ಲಿ ಬಿಗಿಯಾಗಿ ಕಟ್ಟುವುದು, ಎಲ್ಲ ಅವರೇ ಕಲಿಸಿದರು. ಎಲ್ಲಕ್ಕಿಂತ ಹೆಚ್ಚಾಗಿ ಚೀಟಿ ಬರೆಯುವುದನ್ನು ಕಲಿಸಿದರು. ಒಣಗಿದ ಮೇಲೆ ಗಿಡದ ಬಣ್ಣ ಹೋಗುತ್ತದೆ, ವಾಸನೆ ಹೋಗುತ್ತದೆ, ಅದು ಎಲ್ಲಿ ನಿಂತಿತ್ತು ಎಂಬುದು ಹೋಗುತ್ತದೆ. ಚೀಟಿಯಲ್ಲಿ ಬರೆದದ್ದಷ್ಟೇ ಉಳಿಯುತ್ತದೆ.

“ನೋಡಿದ್ದನ್ನ ಬರಿ, ಅಂದ್ಕೊಂಡಿದ್ದನ್ನ ಬರೀಬೇಡ” ಎನ್ನುತ್ತಿದ್ದರು.

ಅವರು ಹೇಳಿದ ಇನ್ನೊಂದು ನಿಯಮ: ಚೀಟಿಯಲ್ಲಿ ತಪ್ಪಾದರೆ ಅಳಿಸಬಾರದು, ಹರಿಯಬಾರದು. ಪಕ್ಕದಲ್ಲಿ ಹೊಸ ಚೀಟಿ ಅಂಟಿಸಿ, ತಪ್ಪು ಇದು, ಸರಿ ಇದು ಎಂದು ಬರೆದು ಸಹಿ ಹಾಕಬೇಕು. ತಪ್ಪೂ ದಾಖಲೆಯೇ.

ಕೆಲಸಕ್ಕೆ ಸೇರಿದ ಎರಡನೆಯ ವರ್ಷ ಹೊಸನಗರದಿಂದ ಬಸ್ಸಿನಲ್ಲಿ ಬರುತ್ತಿದ್ದೆ. ಬಟ್ಟೆಮಲ್ಲಪ್ಪ ಎಂಬ ಊರು ಹಿಂದೆ ಉಳಿದಿತ್ತು. ರಸ್ತೆಯ ಅಂಚಿನಲ್ಲಿ ಕಿತ್ತಳೆ ಬಣ್ಣದ ಹೂವಿನ ಒಂದು ಗುಂಪು ಕಂಡಿತು. ಕಾಸ್ಮಾಸ್. ನಾನು ಹುಟ್ಟಿ ಬೆಳೆದದ್ದು ಜೋಗದ ವಿದ್ಯುತ್ ಕಾಲೊನಿಯಲ್ಲಿ. ಅಪ್ಪ ಅಲ್ಲಿ ಫಿಟ್ಟರ್. ಕಾಲೊನಿಯ ಪ್ರತಿ ಕ್ವಾರ್ಟರ್ಸಿನ ಮುಂದೂ ಈ ಹೂವಿತ್ತು. ಅಂಗಳದಲ್ಲಿ ಸಾಲಾಗಿ, ಕಲ್ಲಿನ ಅಂಚು ಕಟ್ಟಿಸಿಕೊಂಡು ಇರಬೇಕಾದ ಹೂವು ಇಲ್ಲಿ, ಸುತ್ತ ಮನೆಯೇ ಇಲ್ಲದ ಕಡೆ, ಮುತ್ತುಗದ ಪೊದೆಯ ಬುಡದಲ್ಲಿ ಯಾಕೆ ನಿಂತಿದೆ?

ಕಂಡಕ್ಟರ್‌ಗೆ ನಿಲ್ಲಿಸಿ ಎಂದೆ.

“ಇಲ್ಲಿ ಸ್ಟಾಪ್ ಇಲ್ಲಮ್ಮ. ಎಂತ ಬೇಕಿತ್ತು?”

“ಒಂದು ಗಿಡ.”

ಅವನು ಡ್ರೈವರ್ ಕಡೆ ನೋಡಿ ನಕ್ಕ. ಬಸ್ಸು ಮುಂದಿನ ಸ್ಟಾಪಿನಲ್ಲೇ ನಿಂತಿತು. ಅಲ್ಲಿಂದ ಹಿಂದಕ್ಕೆ ನಡೆದೆ. ಹನ್ನೊಂದು ಗಿಡಗಳಿದ್ದವು. ಎರಡನ್ನು ಬೇರು ಸಮೇತ ಕಿತ್ತು, ಕೈಲಿದ್ದ ಪೇಪರಿನಲ್ಲಿ ಒತ್ತಿಕೊಂಡು ಸಾಗರಕ್ಕೆ ತಂದೆ.

ಶ್ರೀಪಾದ ಸರ್ ಭೂತಗನ್ನಡಿ ಎತ್ತಲೂ ಇಲ್ಲ.

“ಇದು ತೋಟದ ಹೂ ಕಣಮ್ಮ ಶಾರದಾ. ಯಾರೋ ಬೀಜ ಎಸೆದಿರ್ತಾರೆ. ಹರ್ಬೇರಿಯಂ ಅಂದ್ರೆ ಹೂವಿನ ಅಂಗಡಿ ಅಲ್ಲ. ತೋಟದ ಹೂ ಬೇಲಿ ದಾಟಲ್ಲ.”

“ಯಾರೂ ಹಾಕಿದ್ದಲ್ಲ ಅನ್ನಿಸ್ತದೆ ಸರ್.”

“ಅನ್ನಿಸ್ತದೆ ಅನ್ನೋ ಕಾಲಂ ನಮ್ಮ ಚೀಟಿಯಲ್ಲಿಲ್ಲ. ಎಸಿ.”

ನಾನು ಎಸೆಯಲಿಲ್ಲ. ಒಣಗಿಸಿದೆ, ಹಾಳೆಗೆ ಹೊಲಿದೆ, ಚೀಟಿ ಬರೆದೆ. ಕಂದು ಕಾಗದದಲ್ಲಿ ಕಟ್ಟಿ ಮೇಲೆ ‘ಬೇಡದ್ದು’ ಎಂದು ಬರೆದು ಬೀರುವಿನ ತಲೆಯ ಮೇಲಿಟ್ಟೆ. ಮೇಲಧಿಕಾರಿಯ ಮಾತು ಮೀರಿದ್ದು ಅದೇ ಮೊದಲು. ಹಲವು ದಿನ ಆ ಬೀರುವಿನ ಕಡೆ ನೋಡುವುದಕ್ಕೇ ಮುಜುಗರವಾಗುತ್ತಿತ್ತು. ಮುಂದಿನ ವರ್ಷ ಅದೇ ರಸ್ತೆಯಲ್ಲಿ, ಹೊಸನಗರದ ಕಡೆಗೆ ಸ್ವಲ್ಪ ಮುಂದೆ, ಮತ್ತೊಂದು ಗುಂಪು ಕಂಡಿತು. ಅದನ್ನೂ ತಂದು ಕಟ್ಟಿಗೆ ಸೇರಿಸಿದೆ. ಅಲ್ಲಿಗೆ ಮುಜುಗರ ಹೋಯಿತು.

ಗಿಡ ತರುವುದು ಸುಲಭ, ಒಣಗಿಸುವುದು ಕಷ್ಟ. ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಒಣಗುವುದಿಲ್ಲ. ಹೂವು ಬಿಡುವುದೂ ಆಗಲೇ. ದಿನಕ್ಕೆ ಎರಡು ಸಲ ಪೇಪರ್ ಬದಲಿಸಿದರೂ ಒಂದು ಮಳೆಗಾಲ ಇಡೀ ಒಂದು ಕಟ್ಟು ಬೂಸ್ಟು ಹಿಡಿದು ಹೋಯಿತು. ಆಗುಂಬೆಯ ಕಡೆ ನಾಲ್ಕು ದಿನ ಉಂಬಳ ಎಂಬ ಕಾಡುಜಿಗಣೆಗಳಿಂದ ಕಚ್ಚಿಸಿಕೊಂಡು ತಂದ ಗಿಡಗಳು. ಸರ್ ಬೈಯಲಿಲ್ಲ. ಎರಡು ದಿನ ಮಾತಾಡಲಿಲ್ಲ, ಅಷ್ಟೆ. ಬೈದಿದ್ದರೆ ಚೆನ್ನಾಗಿತ್ತು.

ಮೂರನೆಯ ದಿನ ನಾನು ಪ್ರೆಸ್ ಹೊತ್ತುಕೊಂಡು ಪೇಟೆಯ ಇಬ್ರಾಹಿಂ ಸಾಹೇಬರ ಬೇಕರಿಗೆ ಹೋದೆ. ವಿಷಯ ಹೇಳಿದೆ. ಅವರು ಪ್ರೆಸ್ಸನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

“ಬನ್ ತೆಗೆದ ಮೇಲೆ ಭಟ್ಟಿ ಬಿಸಿ ಸುಮ್ನೆ ಹೋಗ್ತದೆ ಅಕ್ಕಾ. ತಂದು ಮೇಲಿಡಿ. ವಿಷದ ಗಿಡ ಮಾತ್ರ ತರಬೇಡಿ.”

ಮುಂದಿನ ಅನೇಕ ಮಳೆಗಾಲಗಳಲ್ಲಿ ನಮ್ಮ ಕಾಲೇಜಿನ ಗಿಡಗಳು ಒಣಗಿದ್ದು ಆ ಭಟ್ಟಿಯ ಮೇಲೆ. ಒಮ್ಮೆ ಸರ್ ಒಂದು ಹಾಳೆಯನ್ನು ಮೂಗಿಗೆ ಹಿಡಿದು ಬಹಳ ಹೊತ್ತು ಯೋಚಿಸಿದರು. “ಈ ಜಾತಿಗೆ ಏಲಕ್ಕಿ ವಾಸನೆ ಇದೆ ಅಂತ ಯಾರೂ ಬರೆದಿಲ್ಲವಲ್ಲ” ಎಂದು ಪೆನ್ನು ಎತ್ತಿದರು.

“ಅದು ಬನ್ನಿನದು ಸರ್” ಎಂದೆ.

ಅವರು ನಕ್ಕದ್ದನ್ನು ನಾನು ನೋಡಿದ್ದು ಆ ಒಂದೇ ಸಲ.

ವರ್ಷದಿಂದ ವರ್ಷಕ್ಕೆ ಕಾಸ್ಮಾಸ್ ಮುಂದುವರಿಯಿತು. ಬಟ್ಟೆಮಲ್ಲಪ್ಪ ದಾಟಿತು. ಹೊಸನಗರ ಮುಟ್ಟಿತು. ಅದರ ಬೀಜ ನೋಡಿದ್ದೀರಾ? ಕಪ್ಪು ಸೂಜಿಯಂತಿರುತ್ತದೆ, ತುದಿಯಲ್ಲಿ ಎರಡು ಮೂರು ಸಣ್ಣ ಮುಳ್ಳು. ಸೀರೆಗೆ ಅಂಟುತ್ತದೆ, ದನದ ಬಾಲಕ್ಕೆ ಅಂಟುತ್ತದೆ. ಪ್ರತಿ ವರ್ಷ ಬೇರೆ ಕೆಲಸದ ಮೇಲೆ ಹೋದಾಗ ನಾನು ಅದನ್ನು ಹುಡುಕಿ ಹಾಳೆ ಮಾಡುತ್ತಿದ್ದೆ. ಈ ಉತ್ಸಾಹದಲ್ಲೇ ನನ್ನ ದೊಡ್ಡ ಎಡವಟ್ಟೂ ಆಯಿತು.

ತೀರ್ಥಹಳ್ಳಿಯ ಹೊರವಲಯದಲ್ಲಿ ಒಂದು ಕಡೆ ಕಾಸ್ಮಾಸ್ ಕಂಡಿತು. ಬಸ್ಸಿಗೆ ಹೊತ್ತಾಗಿತ್ತು. ಬೇಗ ಬೇಗ ಒಂದು ಗಿಡ ಕಿತ್ತುಕೊಂಡು ಹೋದೆ. ಚೀಟಿಯಲ್ಲಿ ‘ರಸ್ತೆ ಬದಿ, ತಾನಾಗಿ ಬೆಳೆದದ್ದು’ ಎಂದು ಬರೆದೆ. ಎರಡು ವರ್ಷದ ನಂತರ ಅದೇ ಜಾಗಕ್ಕೆ ಹೋಗಿ ಬಗ್ಗಿದ್ದೇನೆ, ಕಾಂಪೌಂಡಿನ ಒಳಗಿಂದ ಒಬ್ಬ ಹೆಂಗಸು ಬಂದರು. ಹೆಸರು ಪದ್ಮಕ್ಕ ಎಂದು ಆಮೇಲೆ ತಿಳಿಯಿತು.

“ಎಂತಕ್ಕೆ ಕೀಳ್ತೀರಿ ಅದನ್ನ?”

“ಕಾಲೇಜಿಗೆ. ಈ ಹೂ ಕಾಡುಗಿಡ ಆಗಿದೆಯಾ ಅಂತ ದಾಖಲೆ ಮಾಡ್ತಿದೀವಿ.”

“ಕಾಡುಗಿಡನಾ? ನಾನೇ ಹಾಕಿದ್ದು ಮಾರಾಯ್ತಿ. ತಂಗಿ ಮನೆಯಿಂದ ಬೀಜ ತಂದು ಸಾಲಾಗಿ ಹಾಕಿದೀನಿ. ಮೊನ್ನೆ ಗೊಬ್ಬರನೂ ಕೊಟ್ಟಿದೀನಿ.”

ನೋಡಿದೆ. ನೂಲು ಹಿಡಿದಂತೆ ನೆಟ್ಟಗೆ ಸಾಲು. ಇದನ್ನು ನಾನು ಹಿಂದಿನ ಸಲ ಹೇಗೆ ನೋಡಲಿಲ್ಲ?

“ಎರಡು ವರ್ಷದ ಹಿಂದಿದ್ದದ್ದೂ ನೀವೇ ಹಾಕಿದ್ದಾ?”

“ಮತ್ತೆ? ಆಗ ಯಾವುದೋ ದನ ಬಂದು ಒಂದು ಗಿಡ ಬೇರು ಸಮೇತ ಕಿತ್ತಿತ್ತು.”

“ಆ ದನ ನಾನೇ ಅಕ್ಕಾ” ಎಂದೆ.

ಅವರು ಕಾಫಿ ಕೊಟ್ಟು ಕಳಿಸಿದರು. ಸಾಗರಕ್ಕೆ ಬಂದವಳೇ ಆ ಹಾಳೆಗೆ ಹೊಸ ಚೀಟಿ ಅಂಟಿಸಿದೆ: ‘ತಾನಾಗಿ ಬೆಳೆದದ್ದು ಎಂದು ಬರೆದದ್ದು ನನ್ನ ತಪ್ಪು. ಮನೆಯವರು ಬಿತ್ತಿದ್ದು. ವಿಚಾರಿಸದೆ ಬರೆದಿದ್ದೆ.’ ಕೆಳಗೆ ಸಹಿ. ಯಾರೂ ನೋಡದ ಕಟ್ಟಿನೊಳಗಿನ ಹಾಳೆ ಅದು. ಆದರೂ ಬರೆಯುವಾಗ ಕಿವಿ ಬಿಸಿಯಾಗಿತ್ತು. ಅಂದಿನಿಂದ ಹತ್ತಿರದ ಮನೆಯ ಬಾಗಿಲು ತಟ್ಟಿ ಕೇಳದೆ ನಾನು ಒಂದು ಚೀಟಿಯನ್ನೂ ಬರೆಯಲಿಲ್ಲ. ‘ಹತ್ತಿರದ ಮನೆಯವರು ಹಾಕಿಲ್ಲ ಎನ್ನುತ್ತಾರೆ’ ಎಂಬ ಸಾಲು ಆಮೇಲಿನ ನನ್ನ ಹಾಳೆಗಳಲ್ಲಿದೆ. ಎಷ್ಟೋ ಮನೆಯವರು ನನ್ನನ್ನು ಜನಗಣತಿಯವಳೆಂದು ತಿಳಿದು ಮಕ್ಕಳ ವಯಸ್ಸನ್ನೂ ಹೇಳಿದ್ದಾರೆ.

ಶ್ರೀಪಾದ ಸರ್ ನಿವೃತ್ತರಾಗಿ ತೀರ್ಥಹಳ್ಳಿಯಲ್ಲಿ ನೆಲೆಸಿದರು. ಕೆಲವು ವರ್ಷಗಳಲ್ಲಿ ಮಮತಾ ಮೇಡಂ ಮುಖ್ಯಸ್ಥೆಯಾಗಿ ಬಂದರು. ನನಗಿಂತ ಚಿಕ್ಕವರು. ಅವರೊಂದಿಗೆ ಕೆಲಸದ ರೀತಿಯೇ ಬದಲಾಯಿತು. ಹುಳ ಬಾರದಂತೆ ಹಾಳೆಗಳಿಗೆ ನಾವು ಬಳಿಯುತ್ತಿದ್ದ ವಿಷದ ದ್ರಾವಣ ನಿಂತಿತು. ಐಸ್‌ಕ್ರೀಂ ಅಂಗಡಿಯಲ್ಲಿರುವಂಥ ಫ್ರೀಜರ್ ಬಂತು, ಹುಳಗಳು ಅದರಲ್ಲಿ ತಣ್ಣಗೆ ಸಾಯತೊಡಗಿದವು. ವಿಷ ಬಳಿದ ಕೈಯನ್ನು ಎಷ್ಟು ತೊಳೆದರೂ ಊಟ ಮಾಡಲು ಹೆದರುತ್ತಿದ್ದ ನನಗೆ ಅದು ಹಬ್ಬವಾಯಿತು.

ಮೇಡಂ ಬಂದ ಮೊದಲ ವರ್ಷವೇ ತಪಾಸಣೆ ಇತ್ತು. ರಿಜಿಸ್ಟರಿನಲ್ಲಿ ಇಲ್ಲದ ಯಾವುದೂ ಕೋಣೆಯಲ್ಲಿ ಇರಕೂಡದು ಎಂದರು. ತಾವೇ ಸ್ಟೂಲ್ ಹತ್ತಿ ಬೀರುಗಳ ಮೇಲೆಲ್ಲ ನೋಡಿದರು. ‘ಬೇಡದ್ದು’ ಕೆಳಗೆ ಬಂತು. ಆ ಹೊತ್ತಿಗೆ ಅದು ಒಂದಲ್ಲ, ಮೂರು ಕಟ್ಟುಗಳಾಗಿತ್ತು.

“ಇದನ್ನ ಬೇಡ ಅಂದವರು ಯಾರು?”

“ಶ್ರೀಪಾದ ಸರ್.”

“ಮತ್ತೆ ನೀವ್ಯಾಕೆ ಇಟ್ರಿ?”

“ಎಸೆಯೋಕೆ ಮನಸ್ಸು ಬರ್ಲಿಲ್ಲ ಮೇಡಂ.”

“ಅದು ಕಾರಣ ಅಲ್ಲ” ಎಂದು ಅವರು ಮೊದಲ ಕಟ್ಟು ಬಿಚ್ಚಿದರು. ನನಗೆ ಹೆದರಿಕೆಯಾಗಿತ್ತು. ಕೆಲಸ ಹೋಗುತ್ತದೆ ಎಂದಲ್ಲ, ಹಾಳೆಗಳು ಹೋಗುತ್ತವೆ ಎಂದು. ಅವರು ಒಂದು ಚೀಟಿ ಓದಿದರು, ಇನ್ನೊಂದು ಓದಿದರು. ಆಮೇಲೆ ನೆಲದ ಮೇಲೆ ಕೂತು ಮೂರೂ ಕಟ್ಟು ಬಿಚ್ಚಿ ವರ್ಷದ ಪ್ರಕಾರ ಜೋಡಿಸಲು ಶುರುಮಾಡಿದರು. ಅವತ್ತಿನ ತರಗತಿಗೆ ಬೇರೆಯವರನ್ನು ಕಳಿಸಿದರು.

“ಶಾರದಾ ಅವ್ರೇ, ಒಂದೇ ಗಿಡ, ಒಂದೇ ದಾರಿ, ಒಬ್ಬರೇ ಬರೆದದ್ದು, ವರ್ಷ ತಪ್ಪದೆ. ತೋಟದ ಹೂ ಅಂತ ಯಾರೂ ಮುಟ್ಟದ್ದನ್ನ ಅದು ಬೇಲಿ ದಾಟಿದಾಗಿನಿಂದ ನೀವು ಬರೆದಿಟ್ಟಿದೀರಿ. ಇದು ಬೇಡದ್ದಾ?”

ಆ ವಾರವೆಲ್ಲ ರಿಜಿಸ್ಟರಿಗೆ ಏರಿಸಿದೆವು. ಸಂಗ್ರಹಿಸಿದವರು ಎಂಬ ಕಾಲಂನಲ್ಲಿ ಮೇಡಂ ನನ್ನ ಹೆಸರನ್ನು ಪೂರ್ತಿಯಾಗಿ, ಪ್ರತಿ ಸಾಲಿನಲ್ಲೂ, ‘ಅದೇ’ ಎಂಬ ಗುರುತು ಹಾಕದೆ ಬರೆದರು. ಕೊನೆಯ ಸಾಲು ಮುಗಿದಾಗ ನಾನು ನೀರು ಕುಡಿದು ಬರುತ್ತೇನೆಂದು ಹೊರಗೆ ಹೋದೆ. ನೀರು ಕುಡಿಯಲಿಲ್ಲ.

ನಂತರ ನಕ್ಷೆಯ ಕೆಲಸ. ಹಳೆಯ ಚೀಟಿಗಳಲ್ಲಿ ‘ಎರಡನೇ ಮೈಲಿಗಲ್ಲಿನ ಎಡಕ್ಕೆ’ ಎಂದಿದ್ದರೆ, ರಸ್ತೆ ಅಗಲವಾಗಿ ಆ ಕಲ್ಲೇ ಇರಲಿಲ್ಲ. ಮೇಡಂ ಜೊತೆ ಪ್ರತಿ ಜಾಗಕ್ಕೂ ಹೋಗಿ ನಿಂತು, ಇಲ್ಲೇ ಎಂದು ತೋರಿಸಿದೆ. ಅವರು ಮೊಬೈಲಿನಲ್ಲಿ ಗುರುತು ಹಾಕಿಕೊಂಡರು. ಕಂಪ್ಯೂಟರಿನಲ್ಲಿ ಎಲ್ಲ ಚುಕ್ಕಿಗಳೂ ಬಂದಾಗ ಒಂದು ವಿಚಿತ್ರ ಕಂಡಿತು. ಸಾಗರದ ಕಡೆಯಿಂದ ಹೊಸನಗರದವರೆಗೆ ಚುಕ್ಕಿಗಳು ಇರುವೆ ಸಾಲಿನ ಹಾಗೆ ಒತ್ತೊತ್ತಾಗಿದ್ದವು. ಆಮೇಲೆ ಖಾಲಿ. ತೀರ್ಥಹಳ್ಳಿಯಲ್ಲಿ ಪದ್ಮಕ್ಕನದೊಂದು. ಮತ್ತೆ ಖಾಲಿ. ಆಮೇಲೆ ಇದ್ದಕ್ಕಿದ್ದಂತೆ ಆಗುಂಬೆ ದಾರಿಯ ಮೇಗರವಳ್ಳಿಯ ಸುತ್ತ ನಾಲ್ಕು.

“ಈ ನಾಲ್ಕು ಹೆಂಗೆ ಬಂದ್ವು? ಹಾರಿ ಬಂದ್ವಾ?” ಎಂದರು ಮೇಡಂ.

ನನಗೂ ಗೊತ್ತಿರಲಿಲ್ಲ. ದನ ಅಷ್ಟು ದೂರ ನಡೆಯುವುದಿಲ್ಲ. ಬಸ್ಸಿನ ಜನರ ಬಟ್ಟೆಗೆ ಅಂಟಿದ್ದರೆ ನಡುವಿನ ಊರುಗಳಲ್ಲೂ ಇಳಿಯಬೇಕಿತ್ತು. ನನಗೆ ಸಂಕಟವಾಗಿದ್ದು ಬೇರೆ ಕಾರಣಕ್ಕೆ. ಆ ನಾಲ್ಕರಲ್ಲಿ ಒಂದು ಇದ್ದದ್ದು ಮೇಗರವಳ್ಳಿ ದಾಟಿದ ತಿರುವಿನ ಧರೆಯ ಮೇಲೆ. ರಸ್ತೆಗಾಗಿ ಗುಡ್ಡ ಕಡಿದಾಗ ಉಳಿಯುವ ಮಣ್ಣಿನ ಗೋಡೆಗೆ ನಾವು ಧರೆ ಎನ್ನುತ್ತೇವೆ. ಆ ಧರೆಯಲ್ಲಿ ಮಳೆಗಾಲದಲ್ಲಿ ಕಾಡು ಕರ್ಣಕುಂಡಲ ಅರಳುತ್ತಿತ್ತು. ಬೆರಳುದ್ದದ ಗಿಡ, ಗುಲಾಬಿ ಹೂವು, ಒಸರುವ ನೀರಿನ ಪಕ್ಕ ಮಾತ್ರ ಬದುಕುವಂಥದ್ದು. ಶ್ರೀಪಾದ ಸರ್ ನನ್ನನ್ನು ಮೊದಲು ಕರೆದುಕೊಂಡು ಹೋದ ಜಾಗ ಅದು. ಅಲ್ಲಿ ಈಗ ಅರ್ಧ ಧರೆ ಕಾಸ್ಮಾಸ್ ಆಗಿತ್ತು.

ಮುಂದಿನ ಮಳೆಗಾಲ ಮತ್ತೆ ಅಲ್ಲಿಗೆ ಹೋದೆ. ಬಾಗಿಲು ತಟ್ಟಿ ಕೇಳಲು ಹತ್ತಿರ ಮನೆಯಿರಲಿಲ್ಲ. ರಸ್ತೆ ಕೆಲಸದವರು ಮಾತ್ರ ಟಾರ್ಪಾಲಿನ ಕೆಳಗೆ ಚಹಾ ಕುಡಿಯುತ್ತಿದ್ದರು. ಅವರನ್ನೇ ಕೇಳಿದೆ: ಈ ಹೂವು ಯಾರಾದರೂ ಹಾಕಿದ್ದೇ?

ಮೇಸ್ತ್ರಿ ಹನುಮಂತಪ್ಪ ಲೋಟ ಕೆಳಗಿಟ್ಟರು. “ಯಾರೂ ಹಾಕಿಲ್ಲಮ್ಮ. ಅದು ನಮ್ಮ ಮಷಿನ್ ನಿಲ್ಲೋ ಜಾಗ.”

“ಯಾವ ಮಷಿನ್?”

“ಮಣ್ಣು ಎತ್ತೋದು. ಹೊಸನಗರದ ಯಾರ್ಡಿಂದ ಲಾರಿ ಮೇಲೆ ಬರ್ತದೆ. ಇಳಿಸಿದ ಕೂಡ್ಲೇ ಬಕೆಟ್ಟಿಂದು, ಚೈನಿಂದು ಒಣಗಿದ ಮಣ್ಣೆಲ್ಲ ಅಲ್ಲೇ ಕೆರೆದು ಹಾಕ್ತೀವಿ. ಆಮೇಲೆ ನೋಡಿದ್ರೆ ಹೂ.”

ಹೊಸನಗರದ ಆ ಯಾರ್ಡಿನ ಬೇಲಿಯ ತುಂಬ ಕಾಸ್ಮಾಸ್ ಇದ್ದದ್ದು ನನಗೆ ಗೊತ್ತಿತ್ತು. ಅದರ ಹಾಳೆ ನನ್ನ ಬಳಿ ಇತ್ತು.

 ಆದರೆ ನನ್ನ ನಾಲ್ಕು ಜಾಗಗಳನ್ನು ನಾನು ಹೇಳಲಿಲ್ಲ. ಹೇಳಿದರೆ ಅವರು ಹೌದು ಹೌದು ಎಂದುಬಿಟ್ಟಾರು. ಪುಸ್ತಕ ತೆಗೆದು, “ಎಲ್ಲೆಲ್ಲಿ ಇಳಿಸಿದ್ರಿ, ನೆನಪು ಮಾಡಿ ಹೇಳಿ” ಎಂದೆ.

ಹನುಮಂತಪ್ಪ ಬೆರಳು ಮಡಚಿದರು. ಹಳೇ ಮೋರಿಯ ಹತ್ತಿರ. ಊರಿನ ಶಾಲೆ ಎದುರು. ಈ ತಿರುವಿನ ಧರೆ. ಆಚೆಯ ಚೆಕ್‌ಪೋಸ್ಟ್ ಪಕ್ಕ. ನನ್ನ ನಾಲ್ಕೂ ಬಂದವು. ಅವರು ಐದನೆಯ ಬೆರಳು ಮಡಚಿದರು.

“ಮತ್ತೆ ಹಳೇ ಕಲ್ಲುಕ್ವಾರಿ. ಅಲ್ಲಿ ವಾರ ನಿಂತಿತ್ತು, ಕೆಟ್ಟು.”

ಆ ಕ್ವಾರಿ ನಾನು ನೋಡಿರಲಿಲ್ಲ. ರಸ್ತೆಯಿಂದ ಕಾಣುವುದೂ ಇಲ್ಲ. “ಅಲ್ಲಿ ಹೂ ಇದೆಯಾ?” ಎಂದೆ. “ನಾನು ಆಮೇಲೆ ಹೋಗಿಲ್ಲಮ್ಮ, ಗೊತ್ತಿಲ್ಲ” ಎಂದರು. ಅವರೇ ಕೊಡೆ ಹಿಡಿದು ದಾರಿ ತೋರಿಸಿದರು. ಪೊದೆ ಸರಿಸಿ, ಜಾರುವ ಕಲ್ಲಿನ ಮೇಲೆ ಕಾಲಿಟ್ಟು ಒಳಗೆ ಹೋದೆವು. ಕ್ವಾರಿಯ ಬಾಯಲ್ಲಿ, ಮಳೆಯಲ್ಲಿ ತಲೆ ಬಗ್ಗಿಸಿಕೊಂಡು, ಸೊಂಟದೆತ್ತರದ ಕಾಸ್ಮಾಸ್ ತುಂಬಿ ಅರಳಿತ್ತು.

ಕೆಲಸದ ಹೊತ್ತಿನಲ್ಲಿ ನಾನು ಕೂಗಿದ್ದು ಜೀವನದಲ್ಲಿ ಅದೊಂದೇ ಸಲ. ನಾನು ಹಾವು ಕಂಡೆನೆಂದುಕೊಂಡು ಹನುಮಂತಪ್ಪ ಹಿಂದಕ್ಕೆ ಹಾರಿದರು. ಇಲ್ಲ ಎಂದು ಹೇಳಲೂ ನನಗೆ ನಗು ಬಿಡಲಿಲ್ಲ. ಇರಬೇಕು ಎಂದು ಲೆಕ್ಕ ಹಾಕಿದ ಕಡೆ ಗಿಡ ಇದ್ದೇ ಇದ್ದಾಗ ಆಗುವ ಸಂತೋಷವನ್ನು, ಈ ಕೆಲಸಕ್ಕೆ ಬರುವವರೇ, ನೀವೂ ಒಂದು ಸಲವಾದರೂ ಪಡೆಯಿರಿ.

ನನ್ನ ನಿವೃತ್ತಿಗೆ ಒಂದು ವರ್ಷವಿರುವಾಗ ಕಾಲೇಜಿಗೆ ಒಂದು ಆಮಂತ್ರಣ ಬಂತು. ತೀರ್ಥಹಳ್ಳಿಯ ಕೆಲವು ಉತ್ಸಾಹಿಗಳು ಸೇರಿ, ಊರಿನಿಂದ ಆಗುಂಬೆಯ ಘಾಟಿಯ ತಲೆಯವರೆಗೆ ರಸ್ತೆಯ ಎರಡೂ ಬದಿ ಹೂವು ಬಿತ್ತುವ ಯೋಜನೆ ಹಾಕಿದ್ದರು. ಹೂವು ಕಾಸ್ಮಾಸ್. ಬೀಜದ ಚೀಲಗಳು ಬಂದಾಗಿತ್ತು. ಸಮಿತಿಯ ಅಧ್ಯಕ್ಷರು ಶ್ರೀಪಾದ ಸರ್.

“ನೀವೇ ಹೋಗಿ ಮಾತಾಡಿ” ಎಂದರು ಮಮತಾ ಮೇಡಂ.

“ನಾನು ಸಭೆಯಲ್ಲಿ ಮಾತಾಡಿದವಳಲ್ಲ. ಅದೂ ಸರ್ ಎದುರಿಗೆ.”

“ಮಾತು ಬೇಡ. ಹಾಳೆ ತಗೊಂಡು ಹೋಗಿ.”

ತಗಡಿನ ಪೆಟ್ಟಿಗೆಯಲ್ಲಿ ಹಾಳೆಗಳನ್ನಿಟ್ಟುಕೊಂಡು ಬಸ್ ಹತ್ತಿದೆ.  ಪೇಪರ್ ಹರಡುವುದನ್ನೂ ಕಲಿಸಿದವರ ಎದುರು ನಿಂತು ನೀವು ಮಾಡುತ್ತಿರುವುದು ತಪ್ಪು ಎನ್ನಬೇಕಿತ್ತು. ಇನ್ನೊಂದು ಕಡೆ ಅದೇ ರಸ್ತೆಯ ಆ ಧರೆ. ಬಿತ್ತಿದರೆ ಎರಡೇ ಮಳೆಗಾಲ, ಕರ್ಣಕುಂಡಲ ಹಾಳೆಯ ಮೇಲಷ್ಟೇ ಉಳಿಯುತ್ತದೆ.

ಸಭಾಭವನದಲ್ಲಿ ಸಮಿತಿಯವರು, ಊರಿನ ಹತ್ತಾರು ಜನ, ರಸ್ತೆಯ ಇಂಜಿನಿಯರ್. ಇಂಜಿನಿಯರ್ ತಮ್ಮ ಜೊತೆ ಹನುಮಂತಪ್ಪನವರನ್ನೂ ಕರೆದುಕೊಂಡು ಬಂದಿದ್ದರು. ಅವರು ಬಾಗಿಲ ಬಳಿ ನಿಂತಿದ್ದರು. ವೇದಿಕೆಯ ಮೇಲೆ ಸರ್. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಕುತ್ತಿಗೆಯಲ್ಲಿ ಅದೇ ಭೂತಗನ್ನಡಿ.

ನಾನು ಎದ್ದು, ಈ ರಸ್ತೆಗೆ ಈ ಹೂವು ಬೇಡ ಎಂದೆ. ಸಮಿತಿಯ ಒಬ್ಬರು, “ಹೂ ಬೇಡ ಅನ್ನೋರನ್ನ ಇವತ್ತೇ ನೋಡಿದ್ದು ಬಿಡಿ” ಎಂದರು. ಎಲ್ಲರೂ ನಕ್ಕರು.

“ಹೂ ಬೇಡ ಅನ್ನಲ್ಲ. ನಮ್ಮನೆ ಮುಂದೆನೂ ಇದೇ ಹೂ ಇದೆ. ಕಾಡಿನ ರಸ್ತೆಗೆ ಬೇಡ ಅಂತೀನಿ. ಅಂಗಳದಲ್ಲಿ ನಾವು ತಡೀತೀವಿ, ಅಲ್ಲಿ ತಡೆಯೋರಿಲ್ಲ.”

ಮೇಜು ಸಾಲಲಿಲ್ಲ. ಜಮಖಾನದ ಮೇಲೆ ಹಾಳೆಗಳನ್ನು ಒಂದರ ಪಕ್ಕ ಒಂದು ಹರಡಿದೆ. ಸಾಲು ಬಟ್ಟೆಮಲ್ಲಪ್ಪದಿಂದ ಶುರುವಾಗಿ ಸಭಾಭವನದ ಗೋಡೆ ಮುಟ್ಟಿ, ತಿರುಗಿ ಬಂದು ಕ್ವಾರಿಯಲ್ಲಿ ಮುಗಿಯಿತು. ಶ್ರೀಪಾದ ಸರ್ ವೇದಿಕೆಯಿಂದ ಇಳಿದರು. ಚಪ್ಪಲಿ ಬಿಟ್ಟರು. ಮೊದಲ ಹಾಳೆಯ ಮುಂದೆ ಮಂಡಿಯೂರಿ ಕೂತು ಭೂತಗನ್ನಡಿ ಹಿಡಿದರು.

“ಇದು ನಾನು ಎಸಿ ಅಂದಿದ್ದಲ್ವಾ?”

“ಹೌದು ಸರ್.”

ಅವರು ಮುಂದಿನ ಹಾಳೆಗೆ ಸರಿದರು. ಒಂದೊಂದು ಚೀಟಿಯನ್ನೂ ಪೂರ್ತಿ ಓದಿದರು. ಜನ ಪಿಸುಗುಟ್ಟುತ್ತಿದ್ದರು. ತೀರ್ಥಹಳ್ಳಿಯ ಹಾಳೆಯ ಹತ್ತಿರ ಅವರು ನಿಂತರು. ನನ್ನ ತಪ್ಪಿನ ಚೀಟಿಯನ್ನು ಗಟ್ಟಿಯಾಗಿ ಓದಿದರು. ಯಾರೋ ಕಿಸಕ್ಕೆಂದರು. ಸರ್ ತಲೆಯೆತ್ತಿದರು.

“ನಗಬೇಡಿ. ಯಾರೂ ಕೇಳದೆ ಇದ್ರೂ ಇವಳು ತನ್ನ ತಪ್ಪನ್ನ ತಾನೇ ಅಂಟಿಸಿದಾಳೆ. ಹಾಗಾದ್ರೆ ಉಳಿದದ್ದನ್ನೆಲ್ಲ ನಾನು ನಂಬಬೇಕು.”

ಕೊನೆಯಲ್ಲಿ ಎರಡು ಹಾಳೆಗಳನ್ನು ಒತ್ತಟ್ಟಿಗೆ ಇಟ್ಟಿದ್ದೆ. ಒಂದು, ಅವರದೇ ಕೈಬರಹದ ಚೀಟಿಯಿದ್ದ ಕರ್ಣಕುಂಡಲ. ಇನ್ನೊಂದು, ಅದೇ ತಿರುವಿನ ಅದೇ ಧರೆಯ ಕಾಸ್ಮಾಸ್. ಅವರು ಅಲ್ಲಿಂದ ಬಹಳ ಹೊತ್ತು ಏಳಲಿಲ್ಲ.

ಇಂಜಿನಿಯರ್ ಕೇಳಿದರು: “ಮಷಿನ್ ಮಣ್ಣಿಂದ ಬಂತು ಅಂತ ಚೀಟಿಯಲ್ಲಿ ಬರೆದಿದೀರಲ್ಲ, ಅದಕ್ಕೆ ಏನು ಆಧಾರ?”

ನಾನು ಬಾಯಿ ತೆರೆಯುವ ಮೊದಲೇ ಬಾಗಿಲ ಬಳಿಯಿಂದ ಹನುಮಂತಪ್ಪ ಮಾತಾಡಿದರು. “ಆಧಾರ ನಾನೇ ಸಾರ್. ಈ ಅಮ್ಮನ ಪಟ್ಟಿ ನಾನು ನೋಡಿರ್ಲಿಲ್ಲ. ನನಗೆ ಗೊತ್ತಿದ್ದ ಐದು ಜಾಗ ಹೇಳಿದೆ. ಐದರಲ್ಲೂ ಹೂ ಇತ್ತು. ಕ್ವಾರಿಯಲ್ಲಿ ನಾನೇ ಕಣ್ಣಾರೆ ನೋಡಿದೆ.”

ಶ್ರೀಪಾದ ಸರ್ ಎದ್ದು ಮೈಕಿನ ಹತ್ತಿರ ಹೋಗಲಿಲ್ಲ. ಹಾಳೆಗಳ ನಡುವೆ ನಿಂತೇ ಹೇಳಿದರು: “ತೋಟದ ಹೂ ಬೇಲಿ ದಾಟಲ್ಲ ಅಂತ ನಾನು ಪಾಠ ಮಾಡಿದವನು. ಅದು ದಾಟಿದೆ. ನಾನು ನೋಡ್ಲಿಲ್ಲ, ಶಾರದಾ ನೋಡಿದಳು. ಈ ಬಿತ್ತನೆ ಆಗಬಾರದು. ಅಧ್ಯಕ್ಷನಾಗಿ ಹೇಳ್ತಿದೀನಿ.”

ಸಮಿತಿಯವರು ಒಳ್ಳೆಯ ಜನ. ಸ್ವಲ್ಪ ಹೊತ್ತು ಗೊಣಗಿದರು, ಆಮೇಲೆ ಚೀಲಗಳನ್ನು ವಾಪಸ್ ಕಳಿಸಲು ಒಪ್ಪಿದರು. ನಕ್ಕಿದ್ದವರೇ ಮೊದಲು ಕೈ ಎತ್ತಿದರು. ಧರೆಯ ಕಾಸ್ಮಾಸನ್ನು ಬೀಜವಾಗುವ ಮೊದಲು ಕೀಳಲು ಭಾನುವಾರ ಬರುತ್ತೇವೆ ಎಂದರು. ಇಂಜಿನಿಯರ್, ಇನ್ನು ಮುಂದೆ ಯಂತ್ರಗಳನ್ನು ಹೊಸನಗರದ ಯಾರ್ಡ್‌ನಲ್ಲೇ ತೊಳೆದು ಲಾರಿ ಹತ್ತಿಸಬೇಕು ಎಂದು ಅಲ್ಲೇ ಬರೆದು ಹನುಮಂತಪ್ಪನವರ ಕೈಗೆ ಕೊಟ್ಟರು.

ಸರ್ ನನ್ನಿಂದ ಪೆನ್ನು ಮತ್ತು ಖಾಲಿ ಚೀಟಿಗಳನ್ನು ಕೇಳಿ ಪಡೆದರು. ಒಂದೊಂದು ಹಾಳೆಗೂ, ಗಿಡದ ಗುರುತು ಸರಿಯಿದೆ ಎಂದು ಬರೆದು ಸಹಿ ಹಾಕಿದರು. ಸುತ್ತ ಕುರ್ಚಿ ಎತ್ತಿಡುತ್ತಿದ್ದರು, ಅವರು ಬರೆಯುತ್ತಲೇ ಇದ್ದರು. ಮುಗಿದ ಮೇಲೆ ಪೆನ್ನು ವಾಪಸ್ ಕೊಟ್ಟು, “ಹೊಲಿಗೆ ಚೆನ್ನಾಗಿದೆ” ಎಂದರು. ಪ್ರಶಸ್ತಿ ಬಂದವರನ್ನು ನಾನು ನೋಡಿದ್ದೇನೆ. ಯಾರನ್ನೂ ಕಂಡು ನನಗೆ ಆಸೆಯಾಗಿಲ್ಲ.

ಮುಂದಿನ ಮಳೆಗಾಲ, ನನ್ನ ಕೆಲಸದ ಕೊನೆಯ ತಿಂಗಳುಗಳಲ್ಲಿ, ಹನುಮಂತಪ್ಪ ಫೋನ್ ಮಾಡಿದರು. “ಅಮ್ಮಾ, ಮಷಿನ್ ಇವತ್ತು ಆಗುಂಬೆ ಕಡೆ ಹೋಗ್ತದೆ. ತೊಳೀತಿದೀವಿ. ಬಂದು ನೋಡಿ.”

ಹೋದೆ. ಇಬ್ಬರು ಪೈಪು ಹಿಡಿದು ಚೈನಿನ ಸಂದಿನಿಂದ ಕೆಂಪು ಮಣ್ಣನ್ನು ಇಳಿಸುತ್ತಿದ್ದರು. ಯಂತ್ರದ ಕೆಳಗಿನ ಸಿಮೆಂಟ್ ಹಳ್ಳದಲ್ಲಿ ಅದು ರಾಡಿಯಾಗಿ ಕೂತಿತು. ನಾನು ಒಂದು ಬಕೆಟ್ ರಾಡಿ ಕೇಳಿದೆ. ಅವರು ಕಾರಣ ಕೇಳದೆ ತುಂಬಿ ಕೊಟ್ಟರು. ಕಾಲೇಜಿಗೆ ತಂದು ಅಗಲವಾದ ತಟ್ಟೆಯಲ್ಲಿ ಹರಡಿ ಕಿಟಕಿಯ ಬಳಿ ಇಟ್ಟೆ. ಎಂಟನೆಯ ದಿನ ಮೊಳಕೆಗಳು ತಲೆಯೆತ್ತಿದವು. ಎರಡೆರಡು ಕಿರಿದಾದ ಎಲೆ. ಮುಂದಿನ ಎಲೆಗಳು ಸೀಳು ಸೀಳಾಗಿ ಬಂದಾಗ ಅನುಮಾನ ಉಳಿಯಲಿಲ್ಲ. ಮಮತಾ ಮೇಡಂ ಮತ್ತು ನಾನು ಪೆನ್ಸಿಲ್ ತುದಿಯಿಂದ ಒಂದೊಂದನ್ನೂ ಮುಟ್ಟಿ ಎಣಿಸಿದೆವು. ನಲವತ್ತಮೂರು.

ಅದರಲ್ಲಿ ಒಂದನ್ನು ಒತ್ತಿ ಒಣಗಿಸಿದೆ. ನನ್ನ ಕೊನೆಯ ಹಾಳೆ ಅದೇ. ಅಷ್ಟು ದೊಡ್ಡ ಹಾಳೆಯ ನಡುವೆ ಹೆಬ್ಬೆರಳಿನಷ್ಟು ಗಿಡ. ಚೀಟಿ ಬರೆದೆ. ಸ್ಥಳ: ಹೊಸನಗರದ ಯಾರ್ಡ್, ಯಂತ್ರ ತೊಳೆದ ಮಣ್ಣು. ಹೂವಿನ ಬಣ್ಣ: ಹೂವು ಬಿಟ್ಟಿಲ್ಲ. ಷರಾ ಎಂಬ ಕಾಲಂನಲ್ಲಿ ಸಾಮಾನ್ಯವಾಗಿ ನಾವು ಏನೂ ಬರೆಯುತ್ತಿರಲಿಲ್ಲ. ಅವತ್ತು ಬರೆದೆ:

‘ಆಗುಂಬೆಗೆ ಹೋಗಲಿಲ್ಲ.’